ಪದ ಬೇಕು: ‘ಟೈಟ್ರೇಶನ್’ (ಗ್ಲಿಸರಿನ್ ಪರೀಕ್ಷೆಯ ಗೋಡೆಪಟ್ಟಿಗೆ)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ಸೋಮವಾರ ಬೆಳಿಗ್ಗೆಯೊಳಗೆ.

ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಔಷಧಿಗೆ ಹೋಗುವ ಗ್ಲಿಸರಿನ್ ಡ್ರಮ್ಮು ಬಂದಾಗ ಸ್ಯಾಂಪಲ್ ತೆಗೆದು ಟೈಟ್ರೇಶನ್ ಮಾಡುತ್ತೇವೆ. ವಿಧಾನದ ಪಟ್ಟಿ ಇಂಗ್ಲಿಷಿನಲ್ಲಿದೆ. ಹೊಸದಾಗಿ ಸೇರಿದ ಇಬ್ಬರು ಹುಡುಗರು ಕನ್ನಡ ಮಾಧ್ಯಮದವರು. ಓದುತ್ತಾರೆ, ಆದರೆ ಅರ್ಥ ತಲೆಗೆ ಹೋಗುವುದಿಲ್ಲ. ಮೊನ್ನೆ ಒಬ್ಬ ಕತ್ತಲಲ್ಲಿ ಇಡಬೇಕಾದ ಫ್ಲಾಸ್ಕನ್ನು ಕಿಟಕಿ ಪಕ್ಕದ ಬಿಸಿಲಿಗೆ ಇಟ್ಟಿದ್ದ. ಅವತ್ತೇ ಪಟ್ಟಿಯನ್ನು ಕನ್ನಡಕ್ಕೆ ತರಲು ಕೂತೆ.

ಕೆಲಸ ಹೀಗೆ: 75 ಮಿಲಿಗ್ರಾಂ ಗ್ಲಿಸರಿನ್ ತೂಗಿ, ನೀರಿನಲ್ಲಿ ಕರಗಿಸಿ, ಸೋಡಿಯಂ ಪರ್‌ಅಯೊಡೇಟ್ ಹಾಕಿ 15 ನಿಮಿಷ ಕತ್ತಲಲ್ಲಿ ಇಡುತ್ತೇವೆ. ಗ್ಲಿಸರಿನ್ ಒಡೆದು ಫಾರ್ಮಿಕ್ ಆಮ್ಲ ಬರುತ್ತದೆ. ಮಿಕ್ಕ ಪರ್‌ಅಯೊಡೇಟನ್ನು ಎಥಿಲೀನ್ ಗ್ಲೈಕಾಲ್ ಹಾಕಿ ಮುಗಿಸುತ್ತೇವೆ. ಆಮೇಲೆ ಬ್ಯೂರೆಟ್ಟಿನಿಂದ (ಅಳತೆಗೆರೆಯ, ಕೆಳಗೆ ತಿರುಪಿರುವ ಗಾಜಿನ ಕೊಳವೆ) 0.1 ಮೋಲಾರ್ ಕಾಸ್ಟಿಕ್ ಸೋಡಾ ಬಿಟ್ಟು ಆಮ್ಲವನ್ನು ಅಳೆಯುತ್ತೇವೆ. ಒಂದು ಮಿಲಿ ಸೋಡಾಕ್ಕೆ 9.21 ಮಿಲಿಗ್ರಾಂ ಗ್ಲಿಸರಿನ್ ಲೆಕ್ಕ.

ತಲೆಬರಹ ಸದ್ಯಕ್ಕೆ ‘ಟೈಟ್ರೇಶನ್ ಮೂಲಕ ಗ್ಲಿಸರಿನ್ ಶುದ್ಧತೆಯ ಪರೀಕ್ಷೆ’ ಅಂತಿದೆ. ‘ಟೈಟ್ರೇಶನ್’ಗೆ ಏನು ಹಾಕಲಿ? ಕ್ರಿಯಾಪದವೂ ಬೇಕು.

ಉತ್ತರ 1

ಅನುಮಾಪನ. ಕ್ರಿಯಾಪದ ಅನುಮಾಪಿಸು. ಹಿಂದಿಯಲ್ಲೂ ಇದೇ ಇದೆ. ಹೊಸದು ಹುಟ್ಟಿಸುವ ಅಗತ್ಯ ಇಲ್ಲ.

ಉತ್ತರ 2

ಹಿಂದಿಯಲ್ಲಿದೆ ಅನ್ನುವುದು ಕಾರಣವೇ ಅಲ್ಲ. ಗೋಡೆಯ ಮೇಲಿನ ‘ಅನುಮಾಪನ’ ಎರಡು ಮಾರು ದೂರದಿಂದ ‘ಅನುಮಾನ’ ಅಂತ ಕಾಣುತ್ತದೆ. ಔಷಧಿಯ ಲ್ಯಾಬಿಗೆ ಆ ಪದ ಬೇಕಾ?

ನಾನು ಬಹಳ ದಿನದಿಂದ ಹೇಳುತ್ತಾ ಬಂದಿರುವ ಪದ ‘ಒರೆ’. ಟೈಟ್ರೇಶನ್ ಬಂದದ್ದು ಫ್ರೆಂಚಿನ ‘ತೀತ್ರ್’ನಿಂದ. ಚಿನ್ನ ಬೆಳ್ಳಿಯ ಚೊಕ್ಕತನ ಎಷ್ಟು ಅನ್ನುವುದಕ್ಕೆ ಅವರಾಡುವ ಮಾತು ಅದು. ಗೇ-ಲುಸಾಕ್ 1832ರಲ್ಲಿ ಪ್ಯಾರಿಸ್ಸಿನ ಟಂಕಸಾಲೆಗಾಗಿ ಬೆಳ್ಳಿಯನ್ನು ಉಪ್ಪುನೀರು ಬಿಟ್ಟು ಅಳೆಯುವ ದಾರಿ ತೋರಿಸಿದ. ಹಾಗಾಗಿ ಈ ಪದದ ಬೇರು ಇರುವುದು ಚಿನಿವಾರರ ಕೆಲಸದಲ್ಲಿ. ನಮ್ಮ ಚಿನಿವಾರರ ಬಳಿ ಅದಕ್ಕೆ ಒರೆ ಇದೆ, ಒರೆಗಲ್ಲು ಇದೆ, ಒರೆಹಚ್ಚು ಅನ್ನುವ ಕ್ರಿಯಾಪದವೂ ಇದೆ. ‘ಗ್ಲಿಸರಿನ್ ಒರೆ’ ಅಂತ ಬರೆಯಿರಿ. ಚೆನ್ನಾಗಿದೆ, ಚಿಕ್ಕದಾಗಿದೆ, ನಮ್ಮದು.

ಉತ್ತರ 3

ಒರೆ ಅಂದರೆ ಕತ್ತಿ ಇಡುವ ಚೀಲ. ಗ್ಲಿಸರಿನ್ನಿಗೆ ಚೀಲ ಬೇಕಿಲ್ಲ.

ಟೈಟ್ರೇಶನ್ ಅಂತಲೇ ಇರಲಿ. ಬ್ಯೂರೆಟ್ ಹಾಗೇ ಇರುತ್ತದೆ, ಫ್ಲಾಸ್ಕ್ ಹಾಗೇ ಇರುತ್ತದೆ, ಗ್ಲಿಸರಿನ್ ಅನ್ನುವುದೂ ಗ್ರೀಕಿನ ‘ಸಿಹಿ’ಯಿಂದ ಬಂದದ್ದು. ಮಧ್ಯದಲ್ಲಿ ಇದೊಂದಕ್ಕೆ ಯಾಕೆ ಸುಮ್ನೆ ಮಡಿ ಉಡಿಸುವುದು? ಸಾಬೂನು ಕನ್ನಡದ್ದಲ್ಲ, ಮೇಜು ಕನ್ನಡದ್ದಲ್ಲ. ಕನ್ನಡಕ್ಕೆ ಏನೂ ಆಗಿಲ್ಲ.

ಉತ್ತರ 2, ಮತ್ತೆ

ಕತ್ತಿಯ ಚೀಲ ಹಳಗನ್ನಡದಲ್ಲಿ ‘ಒಱೆ’, ಉಜ್ಜಿ ನೋಡುವುದು ‘ಒರೆ’. ತಮಿಳು ಇವತ್ತಿಗೂ ಎರಡನ್ನೂ ಬೇರೆ ಬೇರೆ ಬರೆಯುತ್ತದೆ. ನಾವು ಶಕಟರೇಫ (ಆ ಹಳೆಯ ‘ಱ’ ಅಕ್ಷರ) ಕಳೆದುಕೊಂಡೆವು ಅಂತ ಪದವನ್ನೂ ಕಳೆದುಕೊಳ್ಳಬೇಕಿಲ್ಲ.

ಸಾಬೂನಿನ ಮಾತಿಗೆ ಬರುತ್ತೇನೆ. ಸಾಬೂನು ಒಂದು ವಸ್ತು, ತನ್ನ ಹೆಸರನ್ನು ಕಟ್ಟಿಕೊಂಡೇ ಬಂತು. ಟೈಟ್ರೇಶನ್ ಒಂದು ಕೆಲಸ. ಕೆಲಸದ ಹೆಸರುಗಳನ್ನೆಲ್ಲ ಎರವಲು ತಂದರೆ ನಮ್ಮ ಪಾಲಿಗೆ ಉಳಿಯುವುದು ‘ಮಾಡು’ ಒಂದೇ. ಟೈಟ್ರೇಟ್ ಮಾಡು, ಫಿಲ್ಟರ್ ಮಾಡು, ಮಿಕ್ಸ್ ಮಾಡು. ಸೋಸು, ಕಲಸು, ಬೆರೆಸು ಎಲ್ಲಿಗೆ ಹೋದವು? ನನ್ನ ಸಂಕಟ ಇದು. ನಿಮಗೆ ಮಡಿಯಾಗಿ ಕಂಡರೆ ನಾನೇನು ಮಾಡಲಿ.

ಉತ್ತರ 1, ಮತ್ತೆ

ಆಮ್ಲ, ಕ್ಷಾರ, ದ್ರಾವಣ ಮೂರೂ ಸಂಸ್ಕೃತವೇ. ಆ ಹುಡುಗರು ಹತ್ತನೇ ತರಗತಿವರೆಗೆ ಅವನ್ನೇ ಓದಿ ಬಂದಿದ್ದಾರೆ. ಅವನ್ನೂ ಕಿತ್ತು ಹಾಕುತ್ತೀರಾ? ಅನುಮಾಪನ ಆ ಸಾಲಿನಲ್ಲಿ ಕೂರುತ್ತದೆ. ಒರೆ ಕೂರುವುದಿಲ್ಲ.

ಉತ್ತರ 4

ಪಿಯುಸಿ ಹುಡುಗರಿಗೆ ಬಹಳ ವರ್ಷ ಪ್ರಾಕ್ಟಿಕಲ್ ಮಾಡಿಸಿದ್ದೇನೆ. ಎರಡು ಮಾತು ಹೇಳಬೇಕು. ಮೊದಲನೆಯದು ಚಿಕ್ಕದು.

‘ಒರೆ’ ಎಂದರೆ ಬೆಲೆ ಕಟ್ಟುವುದು. ಅದು ಇಡೀ ಪರೀಕ್ಷೆಯ ಗುರಿ. ಟೈಟ್ರೇಶನ್ ಆ ಗುರಿಗೆ ಹೋಗುವ ಒಂದು ದಾರಿ ಅಷ್ಟೆ. ದಾರಿಯ ಹೆಸರು ಕೈ ಏನು ಮಾಡುತ್ತದೆ ಅನ್ನುವುದನ್ನು ಹೇಳಬೇಕು. ಕೈ ಏನು ಮಾಡುತ್ತದೆ? ಎಡಗೈ ಬ್ಯೂರೆಟ್ಟಿನ ತಿರುಪಿನ ಮೇಲೆ, ಬಲಗೈ ಫ್ಲಾಸ್ಕನ್ನು ಆಡಿಸುತ್ತಾ ಇರುತ್ತದೆ. ಫ್ಲಾಸ್ಕಿನಲ್ಲಿ ಬಣ್ಣ ತೋರುವ ಸೂಚಕ ಇರುವುದರಿಂದ ಸೋಡಾ ಬಿದ್ದಲ್ಲಿ ಒಂದು ಗುಲಾಬಿ ಎಳೆ ಮೂಡಿ ಮಾಯವಾಗುತ್ತದೆ. ಮತ್ತೆ ಮೂಡುತ್ತದೆ, ಈ ಸಲ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ತಿರುಪು ಬಿಗಿ ಮಾಡಿ ಹನಿ ಹನಿಯಾಗಿ ಬಿಡಬೇಕು. ಪ್ರಶ್ನೆ ಕೇಳಿದವರ ಲೆಕ್ಕವನ್ನೇ ನೋಡಿ: 75 ಮಿಲಿಗ್ರಾಂಗೆ ಬೇಕಾದ ಸೋಡಾ ಸುಮಾರು 8.1 ಮಿಲಿ. ಒಂದು ಹನಿ ಸುಮಾರು 0.05 ಮಿಲಿ. ಅಂದರೆ ಒಂದೇ ಹನಿ ಜಾಸ್ತಿ ಬಿದ್ದರೂ ಉತ್ತರ ಶೇಕಡಾ 0.6ರಷ್ಟು ಏರುತ್ತದೆ. ಈ ಕೆಲಸದಲ್ಲಿ ಹನಿಯೇ ಎಲ್ಲ. ಅದಕ್ಕೇ ನಾನು ‘ಹನಿಯಳತೆ’ ಅನ್ನುತ್ತೇನೆ. ಕ್ರಿಯಾಪದ ‘ಹನಿಸಿ ಅಳೆ’.

ಎರಡನೆಯದು ದೊಡ್ಡದು, ಯಾರೂ ಅದನ್ನು ಮುಟ್ಟಲೇ ಇಲ್ಲ. ತಲೆಬರಹದಲ್ಲಿರುವ ‘ಶುದ್ಧತೆ’ ತಪ್ಪು. ಟೈಟ್ರೇಶನ್ ಪದ ಏನಾದರೂ ಆಗಲಿ, ಇದನ್ನು ದಯವಿಟ್ಟು ತೆಗೆಯಿರಿ.

ನಮ್ಮ ಜನರ ಬಾಯಲ್ಲಿ ಶುದ್ಧ ಅಂದರೆ ಕಲಬೆರಕೆ ಇಲ್ಲದ್ದು, ಬಾಯಿಗೆ ಹಾಕಿದರೆ ತೊಂದರೆ ಇಲ್ಲದ್ದು. ಶುದ್ಧ ನೀರು, ಶುದ್ಧ ತುಪ್ಪ. ಈ ಪರೀಕ್ಷೆ ಅದನ್ನು ಹೇಳುವುದೇ ಇಲ್ಲ. ಸ್ಯಾಂಪಲಿನಲ್ಲಿ ಗ್ಲಿಸರಿನ್ ಎಷ್ಟಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷವನ್ನು ಪರ್‌ಅಯೊಡೇಟ್ ಮುಟ್ಟುವುದಿಲ್ಲ, ಅದರಿಂದ ಫಾರ್ಮಿಕ್ ಆಮ್ಲವೂ ಬರುವುದಿಲ್ಲ. ಅದು ಶೇಕಡಾ 0.1ಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ. ಒಂದು ಡ್ರಮ್ಮಿನಲ್ಲಿ 0.5 ಇದೆ ಅಂದುಕೊಳ್ಳಿ, ಮಿತಿಯ ಐದು ಪಟ್ಟು. ನಿಮ್ಮ ಬ್ಯೂರೆಟ್ 99.5 ಅನ್ನುತ್ತದೆ. ಅಮೆರಿಕದ ಔಷಧಕೋಶ (ಔಷಧಿಗಳ ಗುಣಮಟ್ಟದ ಅಧಿಕೃತ ಪುಸ್ತಕ) ಕೇಳುವುದು 99.0ರಿಂದ 101.0. ಡ್ರಮ್ಮು ಪಾಸು. ಹುಡುಗ ರಿಜಿಸ್ಟರಿನಲ್ಲಿ ‘ಶುದ್ಧತೆ 99.5’ ಅಂತ ಬರೆದು ಸಹಿ ಹಾಕುತ್ತಾನೆ.

1986ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಈ ವಿಷ ಬೆರೆತ ಗ್ಲಿಸರಿನ್ ಕುಡಿಸಿದ್ದರಿಂದ 14 ರೋಗಿಗಳು ಸತ್ತರು. ಅದರ ವಿಚಾರಣೆಗೇ ಲೆಂಟಿನ್ ಆಯೋಗ ಕೂತಿತ್ತು. ಈ ವಿಷವನ್ನು ಹಿಡಿಯಲು ಬೇಕಾದದ್ದು ಗ್ಯಾಸ್ ಕ್ರೊಮ್ಯಾಟೊಗ್ರಫಿ, ಅಂದರೆ ಸ್ಯಾಂಪಲನ್ನು ಆವಿ ಮಾಡಿ ಅದರಲ್ಲಿರುವುದನ್ನು ಬೇರೆ ಬೇರೆ ಮಾಡಿ ನೋಡುವ ವಿಧಾನ. ಅದು ಬೇರೆಯೇ ಪರೀಕ್ಷೆ, ಬೇರೆಯೇ ಪಟ್ಟಿ. ನಿಮ್ಮ ಹನಿಯಳತೆಯ ಮೇಲೆ ಶುದ್ಧತೆ ಅಂತ ಬರೆದರೆ ಆ ಹುಡುಗ ಎರಡನೇ ಪರೀಕ್ಷೆಯ ವರದಿಗೆ ಕಾಯುವುದೇ ಇಲ್ಲ. ‘ಗ್ಲಿಸರಿನ್ ಅಂಶ’ ಅಂತ ಬರೆಯಿರಿ.

ಉತ್ತರ 3, ಮತ್ತೆ

ಶುದ್ಧತೆಯ ಬಗ್ಗೆ ಸರ್ ಹೇಳಿದ್ದು ಪೂರ್ತಿ ಸರಿ, ಒಪ್ಪಿದೆ. ಹನಿಯಳತೆ ಒಪ್ಪುವುದಿಲ್ಲ. ನಾಳೆ ಆ ಹುಡುಗ ಬೇರೆ ಕಾರ್ಖಾನೆಗೆ ಸಂದರ್ಶನಕ್ಕೆ ಹೋಗಿ ‘ಹನಿಯಳತೆ ಬರುತ್ತದೆ’ ಅಂದರೆ ಕೆಲಸ ಕೊಡುತ್ತಾರಾ?

ಉತ್ತರ 2, ಮತ್ತೆ

ಹನಿಯಳತೆಗೆ ನನ್ನ ತಕರಾರಿಲ್ಲ. ಆದರೆ ಒಂದು ಒಳ್ಳೆಯ ಪದವನ್ನು ಬಿಟ್ಟುಕೊಡುತ್ತಿದ್ದೇನೆ ಅನ್ನುವುದು ನೆನಪಿರಲಿ. ಪೂರ್ತಿ ಪರೀಕ್ಷೆಗೆ, ಹನಿಯಳತೆ ಮತ್ತು ಉಳಿದದ್ದು ಎಲ್ಲ ಸೇರಿ, ಒರೆ ಅನ್ನಬಹುದು. ಆ ಜಾಗ ಖಾಲಿಯೇ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಇಬ್ಬರೂ ಹುಡುಗರನ್ನು ಕೂರಿಸಿಕೊಂಡು ಮೂರು ಪದವನ್ನೂ ಬರೆದು ತೋರಿಸಿದೆ. ಅನುಮಾಪನವನ್ನು ಒಬ್ಬ ನಿಜವಾಗಿಯೂ ಅನುಮಾನ ಅಂತಲೇ ಓದಿದ. ಹನಿಯಳತೆ ನೋಡಿದ ಕೂಡಲೇ ಇನ್ನೊಬ್ಬ ಬ್ಯೂರೆಟ್ ಕಡೆ ಕೈ ತೋರಿಸಿದ. ಫ್ಲೆಕ್ಸ್‌ನವರಿಗೆ ಕೊಡುವ ತಲೆಬರಹ ಹೀಗಿದೆ:

ಗ್ಲಿಸರಿನ್ ಅಂಶದ ಹನಿಯಳತೆ — ಟೈಟ್ರೇಶನ್
ವಿಷದ ಪರೀಕ್ಷೆ ಬೇರೆ ಇದೆ. ಆ ವರದಿ ಬರುವ ತನಕ ಡ್ರಮ್ಮು ತೆರೆಯಬಾರದು.

ಎರಡೂ ಪದ ಇಟ್ಟಿದ್ದೇನೆ, ಸಂದರ್ಶನದ ಮಾತು ನನಗೂ ಸರಿ ಅನಿಸಿತು.

ಇನ್ನೊಂದು ಪದ ಉಳಿದಿದೆ: ‘ಬ್ಲ್ಯಾಂಕ್’. ಗ್ಲಿಸರಿನ್ ಒಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಹಾಕಿ ಮಾಡುವ ಜೋಡಿ ಫ್ಲಾಸ್ಕ್. ಅದಕ್ಕೆ ಖರ್ಚಾದ ಸೋಡಾವನ್ನು ಕಳೆದರೆ ತಾನೇ ಲೆಕ್ಕ ಸಿಗುವುದು. ‘ಖಾಲಿ’ ಅಂತ ಬರೆದಿದ್ದೆ. ಹುಡುಗ ಬರೀ ನೀರು ತುಂಬಿ ತಂದ. ‘ತಾಳೆ ಫ್ಲಾಸ್ಕ್’ ಆಗುತ್ತದಾ?

ಉತ್ತರ 4, ಮತ್ತೆ

ಆಗುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ‘ಗ್ಲಿಸರಿನ್ ಬಿಟ್ಟು ಎಲ್ಲವೂ’ ಅಂತ ಸೇರಿಸಿ.