ಮಕ್ಕಳು, ಅತ್ತೆ ಜೊತೆ ಕೆರಿಬಿಯನ್ ದ್ವೀಪ: ಪೋರ್ಟೊ ರಿಕೊನಾ, ಬಾರ್ಬಡೋಸಾ?

ನ್ಯೂಜೆರ್ಸಿ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಎಡಿಸನ್‌ನಲ್ಲಿ. ಏಪ್ರಿಲ್‌ನಲ್ಲಿ ಮಗಳಿಗೆ ಸ್ಪ್ರಿಂಗ್ ಬ್ರೇಕ್ ಇದೆ, ಆಗ ಒಂದು ವಾರ ಕೆರಿಬಿಯನ್ ಕಡೆ ಹೋಗಿ ಬರೋಣ ಅಂತ ಮನೆಯಲ್ಲಿ ಮಾತು ನಡೆಯುತ್ತಿದೆ. ಮಗಳಿಗೆ 8 ವರ್ಷ, ಮಗನಿಗೆ 3. ಊರಿಂದ ಅತ್ತೆ ಬಂದಿದ್ದಾರೆ, ಅವರನ್ನೂ ಕರೆದುಕೊಂಡು ಹೋಗಲೇಬೇಕು. ಅವರಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ.

ಇನ್ನೊಂದು ವಿಷಯ. ನಮ್ಮಿಬ್ಬರದೂ ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದೆ, ಹೊಸ ಐ-797 (ವೀಸಾ ಅರ್ಜಿ ಒಪ್ಪಿಗೆಯ ಪತ್ರ) ಮಾತ್ರ ಕೈಯಲ್ಲಿದೆ. ನಮ್ಮ ಯಜಮಾನರಿಗೆ ಕ್ರಿಕೆಟ್ ಹುಚ್ಚು, ಅವರು ಬಾರ್ಬಡೋಸ್ ಅನ್ನುತ್ತಾರೆ. ನನಗೆ ಪೋರ್ಟೊ ರಿಕೊ ಸುಲಭ ಅನ್ನಿಸುತ್ತದೆ. ಹೋಟೆಲ್ ಫೋಟೊ ನೋಡಿದರೆ ಎಲ್ಲ ಕಡೆಯೂ ಒಂದೇ ನೀಲಿ ನೀರು, ಒಂದೇ ತೆಂಗಿನ ಮರ. ಯಾವ ನೀರಿಗೆ 3 ವರ್ಷದ ಮಗುವನ್ನು ಇಳಿಸಬಹುದು ಅಂತ ಅದರಲ್ಲಿ ಗೊತ್ತೇ ಆಗುವುದಿಲ್ಲ. ಮಗನಂತೂ ನೀರು ಕಂಡರೆ ಸಾಕು, ಕೈ ಬಿಡಿಸಿಕೊಂಡು ಓಡುತ್ತಾನೆ. ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ.

ಹಾಸನದ ಶಶಿ:

ಮೇಡಂ, ನಿಮ್ಮ ಸ್ಟ್ಯಾಂಪ್ ಮುಗಿದಿದೆ ಅಂದಮೇಲೆ ಈ ಸಲ ಬಾರ್ಬಡೋಸ್ ಮಾತು ಬಿಟ್ಟುಬಿಡಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬಾರ್ಬಡೋಸ್, ಜಮೈಕಾ ಎರಡಕ್ಕೂ ಸಣ್ಣ ಪ್ರವಾಸಕ್ಕೆ ವೀಸಾ ಬೇಕಿಲ್ಲ, ಅಲ್ಲಿಗೆ ಹೋಗುವುದು ಸುಲಭವೇ. ತೊಂದರೆ ಇರುವುದು ಅಮೆರಿಕಕ್ಕೆ ವಾಪಸ್ ಬರುವಾಗ. ಮುಗಿದ ಸ್ಟ್ಯಾಂಪ್ ಇಟ್ಟುಕೊಂಡು ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿ ಬರುವ ಅನುಕೂಲ ಎಚ್-1ಬಿಯವರಿಗೂ ಇದೆ, ಆದರೆ ಕೆರಿಬಿಯನ್ ದ್ವೀಪಗಳಿಗೆ ಆ ಅನುಕೂಲ ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ. ಯಾರೋ ವಿದ್ಯಾರ್ಥಿ ಸ್ನೇಹಿತರು "ನಾನು ಹೋಗಿ ಬಂದೆ, ಏನೂ ಆಗಲಿಲ್ಲ" ಅಂದರೆ ಅದು ಅವರ ವೀಸಾಗೆ ಸರಿ, ನಿಮಗಲ್ಲ.

ಪೋರ್ಟೊ ರಿಕೊ ಅಮೆರಿಕದ್ದೇ ಭೂಭಾಗ. ನೆವಾರ್ಕ್‌ನಿಂದ ಸ್ಯಾನ್ ಹುವಾನ್‌ಗೆ ನೇರ ವಿಮಾನ, ಸುಮಾರು ನಾಲ್ಕು ಗಂಟೆ. ದೇಶದೊಳಗಿನ ಪ್ರಯಾಣವೇ ಆದರೂ ಎಲ್ಲರ ಪಾಸ್‌ಪೋರ್ಟ್, ಐ-797, ಐ-94 (ದೇಶದೊಳಗೆ ಬಂದ ದಾಖಲೆ) ಪ್ರಿಂಟ್ ಬ್ಯಾಗಿನಲ್ಲೇ ಇರಲಿ, ವಿಮಾನ ನಿಲ್ದಾಣದಲ್ಲಿ ಕೇಳಿದರೆ ತೋರಿಸಬೇಕು. ಅತ್ತೆಯವರ ಪಾಸ್‌ಪೋರ್ಟನ್ನೂ ಮರೆಯಬೇಡಿ. ಏಪ್ರಿಲ್‌ನಲ್ಲಿ ಅಲ್ಲಿಯ ಗಡಿಯಾರವೂ ನ್ಯೂಜೆರ್ಸಿಯದೂ ಒಂದೇ, ಹಾಗಾಗಿ ಚಿಕ್ಕವನ ನಿದ್ದೆಯ ಹೊತ್ತು ಹೆಚ್ಚುಕಡಿಮೆ ಆಗುವುದಿಲ್ಲ. 3 ವರ್ಷದ ಮಗು ಇರುವ ಮನೆಗೆ ಇದು ದೊಡ್ಡ ಅನುಕೂಲ, ಅಲ್ವಾ?

ಈಗ ನೀರಿನ ವಿಷಯ. ಸ್ಯಾನ್ ಹುವಾನ್ ಇರುವುದು ಉತ್ತರ ದಂಡೆಯಲ್ಲಿ, ಎದುರಿಗೆ ಅಟ್ಲಾಂಟಿಕ್. ಚಳಿಗಾಲದಲ್ಲಿ ಉತ್ತರದಿಂದ ದೊಡ್ಡ ಅಲೆ ಬರುತ್ತದೆ, ಏಪ್ರಿಲ್ ಹೊತ್ತಿಗೆ ಕಡಿಮೆ ಆಗುತ್ತಾ ಬಂದರೂ ಪೂರ್ತಿ ಹೋಗಿರುವುದಿಲ್ಲ. ಅಲ್ಲಿಯ ಕೊಂಡಾಡೊ ಬಡಾವಣೆಯ ಹೋಟೆಲ್ ಸಾಲು ನೋಡೋಕೆ ಚೆಂದ, ಆದರೆ ಅದರ ಮುಂದಿನ ಕಡಲಲ್ಲಿ ಸೆಳೆತ ಜೋರು. ಮಕ್ಕಳಿಗೆ ಅದು ಬೇಡವೇ ಬೇಡ. ನಗರದಲ್ಲೇ ಇರಬೇಕು ಅಂದರೆ ಎಸ್ಕಾಂಬ್ರೊನ್ ಬೀಚಿಗೆ ಹೋಗಿ. ಅಲ್ಲಿ ಅಲೆ ಹೊರಗಿನ ಬಂಡೆಗೆ ಬಡಿದು ಒಡೆಯುತ್ತದೆ, ಒಳಗಿನ ನೀರು ಸಾಮಾನ್ಯವಾಗಿ ಶಾಂತ. ನನ್ನ ಆಯ್ಕೆ ಮಾತ್ರ ಲುಕೀಯೊ. ಸ್ಯಾನ್ ಹುವಾನ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ತೆಂಗಿನ ನೆರಳು, ಶೌಚಾಲಯ, ಸ್ನಾನಕ್ಕೆ ಶವರ್. ಪಕ್ಕದಲ್ಲೇ ಸುಮಾರು 60 ತಿಂಡಿ ಅಂಗಡಿಗಳ ಸಾಲು. "ಬಾಲ್ನೆಯಾರಿಯೊ" ಅಂತ ಬೋರ್ಡ್ ಇದ್ದರೆ ಅದು ಸರ್ಕಾರ ನೋಡಿಕೊಳ್ಳುವ ಬೀಚ್. ಅಂಥ ಕಡೆಯೇ ಇಳಿಯಿರಿ. ಜೀವರಕ್ಷಕರು ಇರುವ ಹೊತ್ತು ಯಾವುದು ಅಂತ ಅಲ್ಲೇ ಕೇಳಿಕೊಳ್ಳಿ.

ಅತ್ತೆಯವರಿಗೆ ಎಲ್ ಯುಂಕೆ ಕಾಡು ತುಂಬ ಹಿಡಿಸುತ್ತದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಇರುವ ಒಂದೇ ಉಷ್ಣವಲಯದ ಮಳೆಕಾಡು ಅದು. ಲಾ ಕೋಕಾ ಜಲಪಾತ ರಸ್ತೆ ಪಕ್ಕದಲ್ಲೇ ಬೀಳುತ್ತದೆ, ಸುಮಾರು 85 ಅಡಿ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಮಂಡಿಗೆ ತೊಂದರೆ ಇಲ್ಲ. ಜರಿಗಿಡ, ಪಾಚಿ, ಇದ್ದಕ್ಕಿದ್ದ ಹಾಗೆ ಬಂದು ನಿಲ್ಲುವ ಮಳೆ ಎಲ್ಲ ನೋಡಿದರೆ ಆಗುಂಬೆ ಘಾಟಿಯಲ್ಲಿ ನಿಂತ ಹಾಗೇ ಇರುತ್ತದೆ. ಸಂಜೆ ಆದರೆ ಕೊಕಿ ಅನ್ನುವ ಪುಟ್ಟ ಕಪ್ಪೆ ತನ್ನ ಹೆಸರನ್ನೇ ಕೂಗುತ್ತದೆ, "ಕೊ-ಕೀ, ಕೊ-ಕೀ". ನಮ್ಮ ಮಕ್ಕಳು ಮನೆಗೆ ಬಂದಮೇಲೂ ವಾರಗಟ್ಟಲೆ ಅದನ್ನೇ ಕೂಗುತ್ತಿದ್ದರು.

ಮಲ್ಪೆ ಕಡಲು:

ಶಶಿಯವರು ವೀಸಾ ಬಗ್ಗೆ ಹೇಳಿದ್ದು ಸರಿ. ನಾನು ಕಡಲ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಹೆಚ್ಚಿನವರು ದ್ವೀಪದ ಹೆಸರು ನೋಡಿ ಆರಿಸುತ್ತಾರೆ. ನೋಡಬೇಕಾದದ್ದು ದ್ವೀಪದ ಯಾವ ಮಗ್ಗುಲು ಅಂತ. ಕೆರಿಬಿಯನ್‌ನಲ್ಲಿ ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತದೆ. ಹಾಗಾಗಿ ಪೂರ್ವದ ದಂಡೆಯಲ್ಲಿ ಅಲೆ, ಪಶ್ಚಿಮದಲ್ಲಿ ಶಾಂತ ನೀರು. ಬಾರ್ಬಡೋಸ್‌ನಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಪೂರ್ವದ ಬಾತ್‌ಶೀಬಾದಲ್ಲಿ ನಿಂತು ಬಂಡೆಗಳನ್ನು ನೋಡಬೇಕು, ಫೋಟೊ ತೆಗೆಯಬೇಕು, ನೀರಿಗೆ ಮಾತ್ರ ಇಳಿಯಬಾರದು. ಅದೇ ದಿನ ಪಶ್ಚಿಮಕ್ಕೆ ಬಂದರೆ ನೀರು ಮೊಣಕಾಲಿನವರೆಗೆ ತಿಳಿಯಾಗಿ ನಿಂತಿರುತ್ತದೆ.

ಸಾರ್ಗಾಸಮ್ ಅನ್ನುವ ಕಂದು ಕಡಲಪಾಚಿ ಬಂದು ಬೀಳುವುದೂ ಹೆಚ್ಚಾಗಿ ಗಾಳಿಗೆ ಎದುರಾದ ದಂಡೆಗಳಿಗೇ. 2011ರಿಂದ ಇದು ರಾಶಿ ರಾಶಿ ಬರುತ್ತಿದೆ, ವಸಂತದಿಂದ ಬೇಸಿಗೆವರೆಗೆ ಜಾಸ್ತಿ. ದಡದಲ್ಲಿ ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಹೋಟೆಲ್ ಬುಕ್ ಮಾಡುವ ಮುಂಚೆ ಅವರ ಫೋಟೊ ಬಿಟ್ಟು, ಹಿಂದಿನ ತಿಂಗಳು ಉಳಿದುಕೊಂಡವರು ಹಾಕಿದ ಫೋಟೊ ನೋಡಿ.

ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕಾದ ಒಂದು ಮಾತಿದೆ. ಮ್ಯಾಂಚಿನೀಲ್ ಅಂತ ಒಂದು ಮರ, ಕೆರಿಬಿಯನ್ ದಂಡೆಗಳಲ್ಲಿ ಬೆಳೆಯುತ್ತದೆ, ಪೋರ್ಟೊ ರಿಕೊದಲ್ಲಿ ಮಂಜಾನಿಯೊ ಅನ್ನುತ್ತಾರೆ. ಎಲೆ ಹೊಳೆಯುವ ಹಸಿರು, ಹಣ್ಣು ಪುಟ್ಟ ಹಸಿರು ಸೇಬಿನ ಹಾಗೆ, ಕೆಳಗೆ ಮರಳಿನ ಮೇಲೆ ಉದುರಿ ಬಿದ್ದಿರುತ್ತದೆ. ಒಳ್ಳೆ ಪರಿಮಳ ಬೇರೆ. ಆದರೆ ಅದು ಪೂರ್ತಿ ವಿಷ. ಹಾಲಿನಂಥ ಸೊನೆ ತಾಗಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತದೆ. ಮಳೆ ಬಂತು ಅಂತ ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೇ ಸುಡುತ್ತದೆ. ಬಾರ್ಬಡೋಸ್‌ನಲ್ಲಿ ಕೆಲವು ಮರಗಳ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಕಡೆ ಹಾಗಿರುವುದಿಲ್ಲ. ದಡದಲ್ಲಿ ಬಿದ್ದ ಯಾವ ಹಣ್ಣನ್ನೂ ಮುಟ್ಟಬಾರದು, ಗೊತ್ತಿಲ್ಲದ ಮರದಡಿ ಚಾಪೆ ಹಾಸಬಾರದು. 3 ವರ್ಷದವನ ಮೇಲೆ ಒಬ್ಬ ದೊಡ್ಡವರ ಕಣ್ಣು ಯಾವಾಗಲೂ ಇರಲಿ.

ಮಗಳಿಗೆ ಸೆಳೆತದ ಬಗ್ಗೆಯೂ ಹೇಳಿಕೊಡಿ, 8 ವರ್ಷಕ್ಕೆ ಅರ್ಥ ಆಗುತ್ತದೆ. ನೀರು ಒಳಗೆ ಎಳೆದರೆ ದಡದ ಕಡೆಗೆ ಗುದ್ದಾಡಬಾರದು, ತೇಲುತ್ತಾ ಕೈ ಎತ್ತಿ ಕೂಗಬೇಕು, ಶಕ್ತಿ ಇದ್ದರೆ ದಡದ ಉದ್ದಕ್ಕೆ ಈಜಿ ಪಕ್ಕಕ್ಕೆ ಬರಬೇಕು. ನಮ್ಮೂರಲ್ಲಿ ಮಳೆಗಾಲ ಬಂದರೆ ಮೀನುಗಾರರೇ ಕಡಲಿಗೆ ಇಳಿಯುವುದಿಲ್ಲ. ರಜೆಗೆ ಬಂದವರಿಗೆ ಆ ಭಯ ಇರುವುದಿಲ್ಲ, ನನಗೆ ಚಿಂತೆ ಆಗುವುದು ಅದಕ್ಕೇ.

ಬೇ ಏರಿಯಾ ಅಪ್ಪ:

ಕ್ರೂಸ್ ಯೋಚನೆ ಮಾಡಿದ್ದೀರಾ? ನ್ಯೂಜೆರ್ಸಿಯ ಬೇಯಾನ್‌ನಿಂದಲೇ ಹಡಗು ಹೊರಡುತ್ತದೆ. ಮುಂಚೆ ಹೇಳಿದರೆ ಇಂಡಿಯನ್ ಸಸ್ಯಾಹಾರಿ ಊಟ ಮಾಡಿಕೊಡುತ್ತಾರೆ, ಲಿಫ್ಟ್ ಇರುತ್ತದೆ, ಅತ್ತೆಯವರು ಆರಾಮಾಗಿ ಕೂರಬಹುದು.

ಹಾಸನದ ಶಶಿ:

ಸರ್, ಊಟಕ್ಕೆ ಕ್ರೂಸ್ ಒಳ್ಳೆಯದೇ. ಆದರೆ ಹಡಗು ಬೇರೆ ದೇಶದ ಬಂದರಿಗೆ ಹೋಗಿ ಬರುತ್ತದೆ, ಮತ್ತೆ ಅದೇ ಸ್ಟ್ಯಾಂಪ್ ತಲೆನೋವು. ಜೊತೆಗೆ ಡೈಪರ್ ಹಾಕುವ ಮಕ್ಕಳನ್ನು ಹಡಗಿನ ದೊಡ್ಡ ಈಜುಕೊಳಕ್ಕೆ ಬಿಡುವುದಿಲ್ಲ, ಈಜಿನ ಡೈಪರ್ ಇದ್ದರೂ ಇಲ್ಲ. ಅವರ ಮಗನಿಗೆ ಡೈಪರ್ ಬಿಟ್ಟಿದೆಯೋ ಇಲ್ಲವೋ, ಅದನ್ನೂ ನೋಡಬೇಕು.

ನ್ಯೂಜೆರ್ಸಿ ಅಮ್ಮ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಗನಿಗೆ ರಾತ್ರಿ ಇನ್ನೂ ಡೈಪರ್ ಬೇಕು. ಸ್ಟ್ಯಾಂಪ್ ವಿಷಯ ನೋಡಿ ಯಜಮಾನರೂ ಒಪ್ಪಿದರು, ಪೋರ್ಟೊ ರಿಕೊ ಅಂತ ತೀರ್ಮಾನ ಆಯಿತು. ಆ ಮರದ ವಿಷಯ ನನಗೆ ಗೊತ್ತೇ ಇರಲಿಲ್ಲ ಮಲ್ಪೆಯವರೇ, ಮಗಳಿಗೆ ಆಗಲೇ ಚಿತ್ರ ತೋರಿಸಿದೆ. ಈಗ ಉಳಿದಿರುವುದು ಅತ್ತೆಯವರ ಊಟ. ರಾತ್ರಿ ನೀರು ಹೊಳೆಯುತ್ತದಂತಲ್ಲ, ಅದನ್ನು ಚಿಕ್ಕ ಮಕ್ಕಳಿಗೆ ತೋರಿಸೋಕೆ ಆಗುತ್ತದಾ?

ಟ್ಯಾಂಪಾದ ಸುಮಾ:

ಊಟದ ಬಗ್ಗೆ ನಾನು ಹೇಳುತ್ತೇನೆ ಅಕ್ಕ, ನಮ್ಮ ಅಮ್ಮನೂ ನಿಮ್ಮ ಅತ್ತೆಯ ಹಾಗೇ.

ಹೋಟೆಲ್ ಬೇಡ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ನೆಲಮಹಡಿ ಅಥವಾ ಲಿಫ್ಟ್ ಇರುವುದು. ಸಣ್ಣ ರೈಸ್ ಕುಕ್ಕರ್, ಸಾರಿನ ಪುಡಿ, ಉಪ್ಪಿನಕಾಯಿ, ಚಟ್ನಿಪುಡಿ, ಹುರಿದ ರವೆ ಒಯ್ದರೆ ಬೆಳಗ್ಗೆ, ರಾತ್ರಿ ಚಿಂತೆ ಇಲ್ಲ. ಅಕ್ಕಿ, ಮೊಸರು, ತರಕಾರಿ ಅಲ್ಲೇ ಸಿಗುತ್ತದೆ, ಕಾಸ್ಟ್ಕೋ ಕೂಡ ಇದೆ.

ಹೊರಗೆ ತಿನ್ನುವಾಗ ಹುಷಾರು. ಅಲ್ಲಿಯವರ ಅನ್ನ-ಬೀನ್ಸ್ ಕಾಳು ನೋಡಿದರೆ ನಮ್ಮ ರಾಜ್ಮಾ ಅನ್ನ ಅನ್ನಿಸುತ್ತದೆ, ಆದರೆ ಕಾಳು ಬೇಯಿಸುವಾಗ ಹಂದಿಮಾಂಸದ ಚೂರು ಹಾಕುವುದು ರೂಢಿ. "ಕಾರ್ನೆ (ಮಾಂಸ) ಇಲ್ಲ" ಅಂದರೆ ಸಾಲದು, ಎಷ್ಟೋ ಜನ ಅದನ್ನು ದನದ ಮಾಂಸ ಬೇಡ ಅಂತ ತಿಳಿಯುತ್ತಾರೆ. "ಸಿನ್ ಕಾರ್ನೆ, ಸಿನ್ ಪೊಯೋ, ಸಿನ್ ಹಾಮೋನ್" ಅಂತ ಮಾಂಸ, ಕೋಳಿ, ಹ್ಯಾಮ್ ಮೂರನ್ನೂ ಬಿಡಿಸಿ ಹೇಳಿ. ಮೊಫೊಂಗೊ ಅಂದರೆ ಕರಿದ ಬಾಳೆಕಾಯಿಯನ್ನು ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು, ಅದಕ್ಕೂ ಸಾಮಾನ್ಯವಾಗಿ ಹಂದಿಯ ಚರ್ಮ ಸೇರಿಸುತ್ತಾರೆ. ತೊಸ್ತೊನೆಸ್ ಕೇಳಿ. ಬಾಳೆಕಾಯಿ ಹೋಳನ್ನು ಒಂದು ಸಲ ಕರಿದು, ಒತ್ತಿ ಚಪ್ಪಟೆ ಮಾಡಿ, ಮತ್ತೆ ಕರಿಯುತ್ತಾರೆ. ಬಿಸಿಬಿಸಿ, ಅಂಚು ಗರಿಗರಿ, ಮಧ್ಯೆ ಮೆತ್ತಗೆ. ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ. ಅದೇ ಎಣ್ಣೆಯಲ್ಲಿ ಮೀನೂ ಕರಿದಿರಬಹುದು, ಅತ್ತೆಗೆ ಅದು ಆಗದಿದ್ದರೆ ಮನೆಯಲ್ಲೇ ಮಾಡಿ, ಬಾಳೆಕಾಯಿ ಎಲ್ಲ ಅಂಗಡಿಯಲ್ಲೂ ಇದೆ.

ಹೊಳೆಯುವ ನೀರು ನೋಡಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರಲ್ಲಿರುತ್ತವೆ, ನೀರು ಕಲಕಿದರೆ ನೀಲಿ ಹಸಿರು ಬೆಳಕು ಕೊಡುತ್ತವೆ. ವಿಯೆಕೆಸ್ ದ್ವೀಪದ ಮಸ್ಕೀಟೊ ಕೊಲ್ಲಿ ಎಲ್ಲಕ್ಕಿಂತ ಪ್ರಸಿದ್ಧ, ಆದರೆ ಅಲ್ಲಿಗೆ ಸೆಯ್ಬಾದಿಂದ ಫೆರ್ರಿ ಹಿಡಿದು ಹೋಗಬೇಕು, ಚಿಕ್ಕವರು ಮತ್ತು ಮಂಡಿ ನೋವಿನವರ ಜೊತೆ ಅದು ಬೇಡ. ಫಹಾರ್ಡೊದಲ್ಲಿ ಹೆಚ್ಚಾಗಿ ಕಯಾಕ್, ತೀರಾ ಚಿಕ್ಕ ಮಕ್ಕಳನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ನೈಋತ್ಯದ ಲಾ ಪಾರ್ಗೆರಾದಲ್ಲಿ ಮೋಟಾರ್ ದೋಣಿ ಇದೆ, ಸುಮ್ನೆ ಕೂತು ನೋಡಬಹುದು. ಸ್ಯಾನ್ ಹುವಾನ್‌ನಿಂದ ಎರಡು ಗಂಟೆಗೂ ಜಾಸ್ತಿ, ಹೋದರೆ ಆ ಕಡೆಯೇ ರಾತ್ರಿ ಉಳಿಯಿರಿ. ಹುಣ್ಣಿಮೆ ಆಸುಪಾಸು ಮಾತ್ರ ಬೇಡ, ಬೆಳದಿಂಗಳಲ್ಲಿ ಏನೂ ಕಾಣಿಸುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ನೋಡಿ ಆಮೇಲೆ ಬುಕ್ ಮಾಡಿ, ಅತ್ತೆಗೆ ಪಂಚಾಂಗ ಗೊತ್ತಿದ್ದರೆ ಅವರನ್ನೇ ಕೇಳಿ.

ಹಾಸನದ ಶಶಿ:

ಸುಮಾ ಅವರು ಎಲ್ಲ ಹೇಳಿದ್ದಾರೆ, ಬಿಟ್ಟುಹೋದದ್ದು ಇಷ್ಟು. ಹಳೇ ಸ್ಯಾನ್ ಹುವಾನ್‌ನ ಎಲ್ ಮೊರ್ರೊ ಕೋಟೆ ಮುಂದಿನ ಹುಲ್ಲುಗಾವಲಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ, ಅಲ್ಲೇ ಮಾರುತ್ತಾರೆ ಕೂಡ. 15 ಮತ್ತು ಅದಕ್ಕಿಂತ ಚಿಕ್ಕವರಿಗೆ ಕೋಟೆಗೆ ಟಿಕೆಟ್ ಇಲ್ಲ. ಒಳಗೆ ಮೆಟ್ಟಿಲು, ಇಳಿಜಾರು ಜಾಸ್ತಿ, ಹೊರಗೆ ನೆರಳೇ ಇಲ್ಲ, ಬೆಳಗ್ಗೆ ಬೇಗ ಹೋಗಿ.

ಗಾಳಿ ತಂಪಾಗಿರುವುದರಿಂದ ಬಿಸಿಲು ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಸುಡುತ್ತದೆ. ಮಕ್ಕಳಿಗೆ ತುಂಬುತೋಳಿನ ಈಜುಡುಪು ಹಾಕಿ. ಸೊಳ್ಳೆ ಔಷಧಿ ಖಂಡಿತ ಬೇಕು. 2024ರ ಮಾರ್ಚ್‌ನಲ್ಲಿ ಅಲ್ಲಿ ಡೆಂಗಿಗೆ ಆರೋಗ್ಯ ತುರ್ತುಸ್ಥಿತಿ ಘೋಷಿಸಿದ್ದರು. ಕಾರ್ ಸೀಟ್ ನಿಮ್ಮದೇ ಒಯ್ಯಿರಿ, ಬಾಡಿಗೆಗೆ ಸಿಗುವುದು ಹೇಗಿರುತ್ತದೋ ಹೇಳೋಕಾಗಲ್ಲ. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಕೃಷಿ ಇಲಾಖೆಯವರು ಬ್ಯಾಗ್ ತಪಾಸಣೆ ಮಾಡುತ್ತಾರೆ, ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳಿ. ಮಾವಿನ ಹಣ್ಣು ತರೋಕೆ ಬಿಡುವುದಿಲ್ಲ, ಅಲ್ಲೇ ತಿಂದು ಮುಗಿಸಿ.

ಮಲ್ಪೆ ಕಡಲು:

ನಿಮ್ಮ ಯಜಮಾನರಿಗೆ ಹೇಳಿ, ಸ್ಟ್ಯಾಂಪ್ ಆದಮೇಲೆ ಬಾರ್ಬಡೋಸ್‌ಗೆ ಖಂಡಿತ ಹೋಗಬಹುದು. 2024ರ ಜೂನ್ 29ರಂದು ನಮ್ಮವರು ಟಿ20 ವಿಶ್ವಕಪ್ ಗೆದ್ದ, ಕೋಚ್ ಆಗಿದ್ದ ದ್ರಾವಿಡ್ ಕಪ್ ಹಿಡಿದು ಕೂಗಿದ ಕೆನ್ಸಿಂಗ್ಟನ್ ಓವಲ್ ಅಲ್ಲೇ ಇದೆ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಅದನ್ನು ಬಿಟ್ಟು ಹೋಗಿ. ಮಕ್ಕಳ ಪೆಟ್ಟಿಗೆಯಲ್ಲಿ ಮಿಲಿಟರಿ ಚಿತ್ತಾರದ ಚಡ್ಡಿ, ಟೋಪಿ ಇದ್ದರೆ ಮನೆಯಲ್ಲೇ ಬಿಡಿ, ಬಾರ್ಬಡೋಸ್‌ನಲ್ಲಿ ಸೈನ್ಯದವರು ಬಿಟ್ಟು ಬೇರೆ ಯಾರೂ, ಮಕ್ಕಳು ಕೂಡ, ಅದನ್ನು ಹಾಕುವ ಹಾಗಿಲ್ಲ. ಕಾನೂನೇ ಇದೆ.

ಟ್ರಿನಿಡಾಡ್‌ಗೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಅಲ್ಲಿಂದ ಆರು ದಿನದೊಳಗೆ ಭಾರತಕ್ಕೆ ಬರುವುದಾದರೆ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಬೇಕು. ಲಸಿಕೆ ಹಾಕಿಸಿ 10 ದಿನ ಆದಮೇಲೆ ಮಾತ್ರ ಅದು ಊರ್ಜಿತ. ಇಲ್ಲದಿದ್ದರೆ ಇಳಿದ ಕೂಡಲೇ ಕ್ವಾರಂಟೈನ್ ಮಾಡುತ್ತಾರೆ. ಊರಿಗೆ ವಾಪಸಾಗುವ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವವರು ಟಿಕೆಟ್ ಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ.