ಬಡಾವಣೆಯ ಒಳರಸ್ತೆಗೆ ನುಗ್ಗುವ ಭಾರೀ ಲಾರಿಗಳು: ಹೊತ್ತು ಗೊತ್ತುಮಾಡಿದರೆ ಸಾಕೇ, ದಾರಿಯನ್ನೂ ಗೊತ್ತುಮಾಡಬೇಕೇ?

ಪ್ರಶ್ನೆ: ಮೂರನೇ ಅಡ್ಡರಸ್ತೆಯ ನಿವಾಸಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮಾಗಡಿ ರಸ್ತೆಗೂ ತುಮಕೂರು ರಸ್ತೆಗೂ ನಡುವೆ ಇರುವ ಒಂದು ಬಡಾವಣೆಯಲ್ಲಿ ನಾವು ಹದಿನೆಂಟು ವರ್ಷಗಳಿಂದ ವಾಸವಾಗಿದ್ದೇವೆ. ನಮ್ಮ ಮನೆಯ ಮುಂದಿನ ರಸ್ತೆ 40 ಅಡಿಯದು. ಎರಡೂ ಬದಿಗೆ ಕಾರುಗಳು ನಿಂತ ಮೇಲೆ ಓಡಾಟಕ್ಕೆ ಉಳಿಯುವುದು ಅದರ ಅರ್ಧ. ಒಂದೂವರೆ ವರ್ಷದಿಂದ ಜಲ್ಲಿ ಮತ್ತು ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳೂ ಕಾಂಕ್ರೀಟ್ ಮಿಕ್ಸರ್ ಲಾರಿಗಳೂ ಇದನ್ನು ಅಡ್ಡದಾರಿ ಮಾಡಿಕೊಂಡಿವೆ.

ಕಳೆದ ತಿಂಗಳು ಸಂಜೆ ನಾಲ್ಕರ ಸುಮಾರಿಗೆ, ಶಾಲೆಯ ವ್ಯಾನಿಗಾಗಿ ತಿರುವಿನಲ್ಲಿ ನಾಲ್ಕೈದು ಜನ ನಿಂತಿದ್ದೆವು. ಹತ್ತು ಚಕ್ರದ ಟಿಪ್ಪರ್ ಒಂದು ಎಡಕ್ಕೆ ತಿರುಗಿತು. ಮುಂದಿನ ಚಕ್ರಗಳು ನಮ್ಮಿಂದ ಸಾಕಷ್ಟು ದೂರದಲ್ಲೇ ಹೋದವು. ಹಿಂದಿನವು ಅದೇ ಜಾಡಿನಲ್ಲಿ ಬಾರದೆ ಒಳಕ್ಕೆ ಸರಿದು ಚರಂಡಿಯ ಮೇಲಿನ ಕಲ್ಲುಚಪ್ಪಡಿಯನ್ನು ಹತ್ತಿ, ಅದು ಎರಡು ತುಂಡಾಯಿತು. ಒಂದು ಕ್ಷಣದ ಹಿಂದೆ ಆ ಚಪ್ಪಡಿಯ ಮೇಲೆ ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿ ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಚಾಲಕನಿಗೆ ಏನೂ ತಿಳಿಯಲಿಲ್ಲ ಎಂದೇ ನನ್ನ ನಂಬಿಕೆ, ಏಕೆಂದರೆ ಆತ ನಿಲ್ಲಿಸಲೇ ಇಲ್ಲ.

ಸಂಬಂಧಪಟ್ಟವರಿಗೆ ಎರಡು ಬಾರಿ ಮನವಿ ಕೊಟ್ಟೆವು. ಮುಖ್ಯರಸ್ತೆಯಲ್ಲಿ ನಿರ್ಬಂಧದ ವೇಳೆ ಈಗಾಗಲೇ ಜಾರಿಯಲ್ಲಿದೆ ಎಂಬ ಉತ್ತರ ಬಂತು. ಒಂದು ನಿರ್ದಿಷ್ಟ ರಸ್ತೆಗೆ ಭಾರೀ ವಾಹನ ಬಾರದಂತೆ ತಡೆಯಲು ಯಾವ ಕಾನೂನಿನಲ್ಲಿ ಅವಕಾಶವಿದೆ? ಇಲ್ಲಿಯೇ ಮನೆ ಕಟ್ಟುತ್ತಿರುವವರಿಗೆ ಬರಬೇಕಾದ ಮರಳು, ಸಿಮೆಂಟಿನ ಗತಿಯೇನು? ನಮ್ಮ ರಸ್ತೆಯ ಪೀಡೆಯನ್ನು ಪಕ್ಕದ ರಸ್ತೆಗೆ ದಾಟಿಸುವುದು ನಮಗೆ ಬೇಕಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ಕೋರಿಕೆ.

ಉತ್ತರ 1: ಸಾರಿಗೆ ಇಲಾಖೆಯ ನಿವೃತ್ತ ನೌಕರ

ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಮನ್ನು ಓದಿ. ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ, ಇಲ್ಲವೇ ರಸ್ತೆ ಅಥವಾ ಸೇತುವೆಯ ಸ್ವರೂಪದ ಕಾರಣಕ್ಕಾಗಿ, ಒಂದು ಪ್ರದೇಶದಲ್ಲಾಗಲಿ ಒಂದೇ ರಸ್ತೆಯಲ್ಲಾಗಲಿ ಯಾವುದೇ ವರ್ಗದ ವಾಹನವನ್ನು ನಿಷೇಧಿಸುವ ಇಲ್ಲವೇ ನಿರ್ಬಂಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೂ ಇದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳನ್ನು ತಡೆಯುವ ಜಿಲ್ಲಾಧಿಕಾರಿಗಳ ಆದೇಶಗಳ ಹಿಂದೆ ಇರುವುದೂ ಇದೇ ಕಲಮು. ಘಾಟಿಗೆ ಅನ್ವಯಿಸುವ ಕಾನೂನು ನಿಮ್ಮ ಅಡ್ಡರಸ್ತೆಗೂ ಅನ್ವಯಿಸುತ್ತದೆ.

ಅದೇ ಕಲಮಿನಲ್ಲಿ ವಿನಾಯಿತಿ ಮತ್ತು ಷರತ್ತುಗಳಿಗೆ ಎಡೆಯಿದೆ. ಆದುದರಿಂದ ನಿಮ್ಮ ಬಡಾವಣೆಯೊಳಗೇ ಇಳಿಸಬೇಕಾದ ಸರಕಿನ ವಾಹನಕ್ಕೆ ಅವಕಾಶ, ಹಾದುಹೋಗುವ ವಾಹನಕ್ಕೆ ನಿಷೇಧ ಎಂದು ಸ್ಪಷ್ಟವಾಗಿ ಕೇಳಿ. ನಿರ್ಬಂಧ ಒಂದು ತಿಂಗಳಿಗೆ ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆಯೂ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಒಂದು ತಿಂಗಳ ಪ್ರಯೋಗಕ್ಕೆ ಒಪ್ಪಿಸುವುದು ಕಾಯಂ ಆದೇಶಕ್ಕೆ ಒಪ್ಪಿಸುವುದಕ್ಕಿಂತ ಸುಲಭ ಎಂಬುದು ನನ್ನ ಅನುಭವ.

ಅರ್ಜಿಯ ಭಾಷೆಯಲ್ಲಿ ಎಚ್ಚರವಿರಲಿ. ಕಾಯ್ದೆಯ ಪ್ರಕಾರ ‘ಭಾರೀ ಸರಕು ವಾಹನ’ ಎಂದರೆ ಒಟ್ಟು ತೂಕ 12,000 ಕಿಲೋಗ್ರಾಂ ಮೀರಿದ್ದು. 7,500ರಿಂದ 12,000ದವರೆಗಿನದು ಮಧ್ಯಮ ವರ್ಗಕ್ಕೆ ಸೇರುತ್ತದೆ. ‘ಲಾರಿಗಳು’ ಎಂದಷ್ಟೇ ಬರೆದರೆ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಲಾರಿಯ ಮೈಮೇಲೆಯೇ ಆರ್‌.ಎಲ್‌.ಡಬ್ಲ್ಯು. ಎಂದು ಒಟ್ಟು ತೂಕ ಬರೆದಿರುತ್ತದೆ. ಅದನ್ನು ನೋಡಿ ಎಣಿಕೆ ಮಾಡಿ, ಗಂಟೆವಾರು ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ. ಮಿತಿಮೀರಿದ ಭಾರ ಹೊತ್ತಿದೆ ಎಂಬ ಅನುಮಾನವಿದ್ದರೆ ಅದನ್ನು ಬೇರೆ ದೂರಾಗಿ ಕೊಡಿ: 194ನೇ ಕಲಮಿನಡಿ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000.

ಉತ್ತರ 2: ಲಾರಿ ಮಾಲೀಕ, ನೆಲಮಂಗಲ

ಹನ್ನೊಂದು ವರ್ಷ ಸ್ಟಿಯರಿಂಗ್ ಹಿಡಿದವನು ನಾನು, ಈಗ ಮೂರು ಗಾಡಿಗಳ ಮಾಲೀಕ. ಆ ಅಜ್ಜಿಯ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರದ ಬಳಿ ಇರುವವರು ಕ್ಯಾಬಿನ್ನಿನಿಂದ ನಿಜವಾಗಿಯೂ ಕಾಣುವುದಿಲ್ಲ. ಮೊದಲು ಎಡಬದಿಯಲ್ಲಿ ಕೂತ ಕ್ಲೀನರ್ ಬಾಗಿಲನ್ನು ತಟ್ಟುತ್ತಾ ‘ಬರಲಿ, ಬರಲಿ’ ಎಂದು ದಾರಿ ತೋರುತ್ತಿದ್ದ. ಬಾಡಿಗೆ ಗಿಟ್ಟದೆ ಈಗ ಅನೇಕ ಗಾಡಿಗಳಲ್ಲಿ ಕ್ಲೀನರ್ ಇಲ್ಲ. ಆ ಎಡಗಣ್ಣು ಹೋದಂತಾಗಿದೆ.

ಟಿಪ್ಪರ್ ನಿಮ್ಮ ರಸ್ತೆಗೆ ಏಕೆ ಬರುತ್ತದೆ ಎಂಬುದನ್ನು ಯಾರೂ ಹೇಳಿಲ್ಲ. ಮುಖ್ಯರಸ್ತೆಯಲ್ಲಿ ನೋ ಎಂಟ್ರಿ ಹೊತ್ತು ಶುರುವಾದಾಗ ಗಾಡಿ ನಗರದೊಳಗೇ ಸಿಕ್ಕಿಕೊಂಡಿರುತ್ತದೆ. ಅದನ್ನು ನಿಲ್ಲಿಸಲು ಜಾಗವಿಲ್ಲ, ದೊಡ್ಡ ಸರ್ಕಲ್ಲಿನಲ್ಲಿ ದಂಡ ಕಾದಿದೆ. ಟಿಪ್ಪರ್ ಚಾಲಕನಿಗೆ ಸಾಮಾನ್ಯವಾಗಿ ಕೂಲಿ ಟ್ರಿಪ್ ಲೆಕ್ಕದಲ್ಲಿ. ಆತ ಒಳರಸ್ತೆಗೆ ಇಳಿಯುತ್ತಾನೆ. ಅಂದರೆ ಮುಖ್ಯರಸ್ತೆಯ ನಿಷೇಧವೇ ಅವನನ್ನು ನಿಮ್ಮ ಮನೆಯ ಮುಂದೆ ತಂದಿದೆ. ಮಿಕ್ಸರ್ ಲಾರಿಯ ಅವಸರ ಬೇರೆ ಬಗೆಯದು: ತುಂಬಿಸಿದ ಎರಡು ಗಂಟೆಯೊಳಗೆ ಕಾಂಕ್ರೀಟ್ ಸುರಿಯಬೇಕೆಂಬುದು ಭಾರತೀಯ ಮಾನಕದಲ್ಲೇ ಇರುವ ನಿಯಮ. ಅದನ್ನು ಸಂಜೆಯವರೆಗೆ ನಿಲ್ಲಿಸಿಡಲು ಆಗುವುದಿಲ್ಲ.

ರಾತ್ರಿ ಬನ್ನಿ ಎನ್ನುತ್ತಾರೆ, ಬರುತ್ತೇವೆ. ಚಿತ್ರದುರ್ಗದ ಕಡೆಯಿಂದ ಈರುಳ್ಳಿ ತುಂಬಿಕೊಂಡು ಬಂದ ಗಾಡಿ ಯಶವಂತಪುರದ ಮಾರುಕಟ್ಟೆಗೆ ರಾತ್ರಿಯೇ ತಲುಪಿದರೂ ಹಮಾಲಿಗಳು ಕೆಲಸ ಶುರುಮಾಡುವುದು ಅವರ ಹೊತ್ತಿಗೆ. ಇಳಿಸುವುದು ಒಂದು ಗಂಟೆ ತಡವಾದರೆ ಹೊರಗೆ ಬರುವಾಗ ಮತ್ತೆ ನೋ ಎಂಟ್ರಿ. ನಾನಂತೂ ಸರ್ವಿಸ್ ರಸ್ತೆಯ ಅಂಚಿನಲ್ಲಿ, ಗಾಡಿಯ ಕೆಳಗೆ ಚಾಪೆ ಹಾಸಿ ಎಷ್ಟೋ ಹಗಲುಗಳನ್ನು ಕಳೆದಿದ್ದೇನೆ. ಶೌಚಕ್ಕೆ ಹೋಗಬೇಕೆಂದರೆ ಹೋಟೆಲಿನವರನ್ನು ಬೇಡಬೇಕು. ತುಮಕೂರು ರಸ್ತೆಯಲ್ಲಿ ದೇವರಾಜ ಅರಸು ಹೆಸರಿನ ಟ್ರಕ್ ಟರ್ಮಿನಲ್ ಇದೆ. ಅಂಥವು ನಗರಕ್ಕೆ ಬರುವ ಪ್ರತಿಯೊಂದು ಹೆದ್ದಾರಿಯಲ್ಲೂ ಇರಬೇಕು. ಚಾಲಕನಿಗೆ ಕಾಯುವ ಜಾಗ ಮತ್ತು ಇಂಥ ರಸ್ತೆಯಲ್ಲೇ ಹೋಗು ಎಂಬ ಒಂದು ದಾರಿ, ಇವೆರಡನ್ನು ಕೊಟ್ಟ ಮೇಲೆ ಒಳರಸ್ತೆಗೆ ಬಂದವನಿಗೆ ದಂಡ ಹಾಕಿ. ನಾನೇ ನಿಮ್ಮ ಪರವಾಗಿ ಸಹಿ ಮಾಡುತ್ತೇನೆ.

ಉತ್ತರ 3: ರಸ್ತೆ ಎಂಜಿನಿಯರ್

ಒಂದು ತಾಂತ್ರಿಕ ಅಂಶವನ್ನು ಸೇರಿಸುತ್ತೇನೆ. ರಸ್ತೆಗೆ ಆಗುವ ಹಾನಿ ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರದ ಸರಿಸುಮಾರು ನಾಲ್ಕನೇ ಘಾತದಂತೆ ಏರುತ್ತದೆ ಎಂಬುದು ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಯಲ್ಲಿ ಆರಂಭವಾದ ರಸ್ತೆ ಪರೀಕ್ಷೆಯಿಂದ ಕಂಡುಕೊಂಡದ್ದು. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ನಮ್ಮಲ್ಲಿ 2018ರ ಜುಲೈಯಲ್ಲಿ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿದರು, ಈ ಲೆಕ್ಕದಲ್ಲಿ ಕಾನೂನುಬದ್ಧ ಲಾರಿಯ ಹೊಡೆತವೇ ಶೇ 60ರಷ್ಟು ಹೆಚ್ಚಿತು. ಒಳರಸ್ತೆಗಳ ತಳಪಾಯವನ್ನು ಆ ಹೊಡೆತಕ್ಕೆಂದು ಹಾಕಿರುವುದಿಲ್ಲ, ಅದರಡಿಯಲ್ಲೇ ಕುಡಿಯುವ ನೀರಿನ ಕೊಳವೆಯೂ ಇರುತ್ತದೆ.

ಕೆಲವು ಬಡಾವಣೆಗಳಲ್ಲಿ ಜನರೇ ಕಬ್ಬಿಣದ ಎತ್ತರ-ತಡೆ ಕಮಾನು ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಂಕಿ ಬಿದ್ದ ದಿನ ಅಗ್ನಿಶಾಮಕ ವಾಹನವೂ ಅದೇ ಕಮಾನಿನ ಹೊರಗೆ ನಿಲ್ಲುತ್ತದೆ.

ಉತ್ತರ 4: ಲಂಡನ್ನಿನಲ್ಲಿರುವ ಕನ್ನಡಿಗ

ಲಂಡನ್ನಿನಲ್ಲಿ 1985ರಿಂದ ಲಾರಿ ನಿಯಂತ್ರಣ ವ್ಯವಸ್ಥೆ ಇದೆ. 18 ಟನ್ ಮೀರಿದ ಲಾರಿಗಳಿಗೆ ವಾರದ ದಿನಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೂ, ಶನಿವಾರ ಮಧ್ಯಾಹ್ನ 1ರಿಂದ ಸೋಮವಾರ ಬೆಳಿಗ್ಗೆ 7ರವರೆಗೂ ನಿರ್ಬಂಧ. ಜನರ ನಿದ್ರೆ ಕೆಡಬಾರದು ಎಂಬುದೇ ಉದ್ದೇಶ. ಬೆಂಗಳೂರಿನಲ್ಲಿ ನಾವು ಹಗಲಿನ ದಟ್ಟಣೆ ತಪ್ಪಿಸಲು ಲಾರಿಯನ್ನು ರಾತ್ರಿಗೆ ತಳ್ಳುತ್ತೇವೆ, ಅಲ್ಲಿ ರಾತ್ರಿಯನ್ನೇ ಕಾಪಾಡಿದ್ದಾರೆ. ಆದರೆ ಅದು ಪೂರ್ಣ ನಿಷೇಧವಲ್ಲ. ಕೆಲವು ದೊಡ್ಡ ರಸ್ತೆಗಳನ್ನು ನಿರ್ಬಂಧದಿಂದ ಹೊರಗಿಟ್ಟಿದ್ದಾರೆ. ಲಾರಿ ಸಾಧ್ಯವಾದಷ್ಟು ದೂರ ಅವುಗಳಲ್ಲೇ ಸಾಗಿ, ಸರಕು ಇಳಿಸುವ ಜಾಗಕ್ಕೆ ಹತ್ತಿರವಾದ ಮೇಲಷ್ಟೇ ಒಳರಸ್ತೆಗೆ ತಿರುಗಬೇಕು. ನೆಲಮಂಗಲದವರು ಕೇಳುತ್ತಿರುವ ದಾರಿ ಇದೇ ಎಂದು ನನಗೆ ತೋರುತ್ತದೆ.

ಅವರು ಹೇಳಿದ ಎಡಗಣ್ಣಿನ ಮಾತಿಗೂ ಅಲ್ಲಿ ನಿಯಮವಿದೆ. 12 ಟನ್ ಮೀರಿದ ಲಾರಿಗಳ ಕ್ಯಾಬಿನ್ನಿನಿಂದ ಹೊರಗೆ ಎಷ್ಟು ಕಾಣುತ್ತದೆ ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ನಕ್ಷತ್ರ ಕೊಡುತ್ತಾರೆ. 2024ರ ಅಕ್ಟೋಬರಿನಿಂದ ಮೂರಕ್ಕಿಂತ ಕಡಿಮೆ ಇದ್ದ ಲಾರಿ, ಕ್ಯಾಮೆರಾ ಮತ್ತು ಎಚ್ಚರಿಕೆಯ ಉಪಕರಣಗಳನ್ನು ಅಳವಡಿಸಿಕೊಳ್ಳದೆ ಅಲ್ಲಿ ಓಡುವಂತಿಲ್ಲ.

ಮರುನುಡಿ: ಮೂರನೇ ಅಡ್ಡರಸ್ತೆಯ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಹಳೆಯ ಎರಡು ಮನವಿಗಳಲ್ಲೂ ‘ಲಾರಿಗಳನ್ನು ನಿಲ್ಲಿಸಿ’ ಎಂದಷ್ಟೇ ಬರೆದಿದ್ದೆವು. ಹೊಸ ಅರ್ಜಿಯಲ್ಲಿ 115ನೇ ಕಲಮಿನಡಿ, 12,000 ಕಿಲೋಗ್ರಾಂ ಮೀರಿದ ಹಾದುಹೋಗುವ ವಾಹನಗಳಿಗೆ ಮಾತ್ರ ಒಂದು ತಿಂಗಳ ಪ್ರಾಯೋಗಿಕ ನಿಷೇಧ ಕೇಳುತ್ತೇವೆ. ಜೊತೆಗೆ ಅವು ಹೋಗಬೇಕಾದ ದಾರಿಯನ್ನೂ ಆದೇಶದಲ್ಲೇ ಹೆಸರಿಸಬೇಕೆಂದು ಬೇಡಿಕೆ ಇಡುತ್ತೇವೆ. ಮುಂದಿನ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಎರಡೆರಡು ಗಂಟೆಯ ಪಾಳಿಯಲ್ಲಿ ಎಂಟು ಮನೆಯವರು ಎಣಿಕೆ ಮಾಡಲು ಒಪ್ಪಿದ್ದಾರೆ. ಸಂಜೆ ನಾಲ್ಕಕ್ಕೆ ಶುರುವಾಗುವ ಪಾಳಿಯನ್ನು ಆ ಅಜ್ಜಿಯೇ ಕೇಳಿ ಪಡೆದಿದ್ದಾರೆ. ಲಾರಿಯ ಮೇಲಿನ ತೂಕ ಓದಿ ಹೇಳಲು ಮೊಮ್ಮಗ ಜೊತೆಗಿರುತ್ತಾನೆ, ತಿರುವಿನಿಂದ ದೂರ, ಮಹಡಿಯ ಮೇಲೆ.

ನೆಲಮಂಗಲದವರಿಗೆ ಒಂದು ಕೋರಿಕೆ. ಟಿಪ್ಪರ್‌ಗಳಿಗೆ ಯಾವ ದಾರಿ ಸರಿ ಎಂಬುದನ್ನು ನಾವು ಮನೆಯಲ್ಲಿ ಕುಳಿತು ನಕ್ಷೆ ನೋಡಿ ಬರೆದರೆ ತಪ್ಪಾದೀತು. ಒಂದು ಭಾನುವಾರ ಬಿಡುವು ಮಾಡಿಕೊಂಡು ಬಂದರೆ ಆ ಭಾಗವನ್ನು ನಿಮ್ಮೊಡನೆ ಕುಳಿತೇ ಬರೆಯುತ್ತೇವೆ.