ತಕ್ಕಷ್ಟು ಹಾಕಿ, ಆದಷ್ಟು ಬೇಗ ಬನ್ನಿ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಶೆಟ್ರ ಗೊಬ್ಬರದ ಅಂಗಡಿ. ಬಾಗಿಲಲ್ಲಿ ಒಂದು ರಟ್ಟು ನೇತಾಡುತ್ತಿದೆ: 'ನಾಳೆ ಅಂಗಡಿಗೆ ರಜೆ.' ನೇತು ಹಾಕಿ ವಾರ ಕಳೆಯಿತು. ಅಂಗಡಿ ಮಾತ್ರ ದಿನವೂ ತೆರೆದೇ ಇದೆ.

"ಯಾವ ನಾಳೆ ಶೆಟ್ರೇ?" ಮಾಸ್ಟ್ರು ಕೊಡೆ ಮಡಚುತ್ತಾ ಕೇಳಿದರು. ರಿಟೈರ್ ಆದರೂ ಅವರ ಕಿಸೆಯಿಂದ ಕೆಂಪು ಪೆನ್ನು ಇಳಿದಿಲ್ಲ.

"ಹೋದ ಸೋಮವಾರದ ನಾಳೆ. ತೆಗೆಯಲಿಕ್ಕೆ ಮರೆತುಹೋಯಿತು ಮಾಸ್ಟ್ರೇ."

"ಹಿಂದೆ ಕೆಲವು ಕಡೆ ಮನೆ ಬಾಗಿಲಿಗೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ದೆವ್ವಕ್ಕೆ. ಅದು ಓದಿ ವಾಪಸ್ ಹೋಗುತ್ತಿತ್ತಂತೆ. ನೀವು ಬರೆದದ್ದು ಗಿರಾಕಿಗೆ. ಸ್ವಲ್ಪ ವ್ಯತ್ಯಾಸ ಬೇಡವಾ? ವಾರ, ತಾರೀಕು ಎರಡೂ ಹಾಕಬೇಕು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ."

ಶೆಟ್ರು ಎದ್ದು ರಟ್ಟು ತೆಗೆದು ಬೆಂಚಿನಡಿಗೆ ಹಾಕಿದರು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭಟ್ರು ಮೊಬೈಲ್ ತೆಗೆದರು.

"ರಟ್ಟಿನದ್ದು ಬಿಡಿ. ನಿಮ್ಮ ಮಗ ವಾಟ್ಸಾಪಿನಲ್ಲಿ ಕಳಿಸಿದ್ದು ಕೇಳಿ. 'ಮಾನ್ಯ ಕೃಷಿಕ ಬಂಧುಗಳೇ, ಮಳೆಗಾಲವು ಸಮೀಪಿಸುತ್ತಿದ್ದು, ತಮ್ಮ ಅಮೂಲ್ಯ ಫಸಲನ್ನು ಅಡಿಕೆಯ ಕೊಳೆರೋಗವಾದ ಮಹಾಳಿಯ ಬಾಧೆಯಿಂದ ಸಂರಕ್ಷಿಸುವ ನಿಟ್ಟಿನಲ್ಲಿ ಉತ್ಕೃಷ್ಟ ಗುಣಮಟ್ಟದ ಮೈಲುತುತ್ತು (ತಾಮ್ರದ ಸಲ್ಫೇಟ್) ನಮ್ಮಲ್ಲಿ ಲಭ್ಯ. ತಕ್ಕಷ್ಟು ಸುಣ್ಣ ಸೇರಿಸಿ ಬಳಸಿರಿ.' ತಕ್ಕಷ್ಟು ಅಂದರೆ ಎಷ್ಟು ಮಾರಾಯ್ರೆ? ಇದೇನು ಸಾರಿಗೆ ಉಪ್ಪಾ?"

"ಅವನು ತಾಳಮದ್ದಳೆಯಲ್ಲಿ ಅರ್ಥ ಹೇಳುವವ," ಶೆಟ್ರು ಮಗನ ಪರ ನಿಂತರು. "ಪೀಠಿಕೆ ಇಲ್ಲದೆ ಅವನಿಗೆ ಬಾಯಿ ಬರುವುದಿಲ್ಲ."

"ಪೀಠಿಕೆ ಇರಲಿ. ಲೆಕ್ಕ ಎಲ್ಲಿ ಉಂಟು? ಬರೆದುಕೊಳ್ಳಿ. 100 ಲೀಟರ್ ಬೋರ್ಡೋಗೆ, ಅಂದರೆ ಮಹಾಳಿಗೆ ಬಿಡುವ ಮದ್ದಿಗೆ, ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಮೈಲುತುತ್ತು 50 ಲೀಟರ್ ನೀರಲ್ಲಿ ಬೇರೆ, ಸುಣ್ಣ 50 ಲೀಟರಲ್ಲಿ ಬೇರೆ. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು. ತಿರುವುತ್ತಾ ಇರಬೇಕು."

"ಸುಣ್ಣವನ್ನು ಮೈಲುತುತ್ತಿಗೆ ಹೊಯ್ದರೆ?" ಟೈಲರಣ್ಣ ಕೇಳಿದ. ಅವನಿಗೆ ತೋಟ ಇಲ್ಲ. ಆದರೂ ಕೇಳುತ್ತಾನೆ.

"ಮದ್ದು ಬೇಗ ಅಡಿಗೆ ಕೂರುತ್ತದೆ. ಅದನ್ನೇ ಬರೆಯಬೇಕು ಅಂತ ನಾನು ಹೇಳುವುದು. ಡ್ರಮ್ಮು ಪ್ಲಾಸ್ಟಿಕ್‌ನದ್ದೇ ಆಗಬೇಕು, ಕಬ್ಬಿಣದ್ದು ಬೇಡ ಅಂತಲೂ ಬರೆಯಬೇಕು. ಕೊನೆಗೆ ತಿಕ್ಕಿ ತೊಳೆದ ಕತ್ತಿ ಅದ್ದಿ ನೋಡುವುದು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೂ ಹಾಕು ಅಂತ ಅರ್ಥ. 'ತಕ್ಕಷ್ಟು' ಅನ್ನಲಿಕ್ಕೆ ಅಲ್ಲಿ ಒಂದು ಜಾಗ ಉಂಟು, ಅದಕ್ಕಿಂತ ಮೊದಲು ಇಲ್ಲ."

"ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ಭಟ್ರೇ?"

ಇದಕ್ಕೆ ಮಾಸ್ಟ್ರು ಎದ್ದೇ ನಿಂತರು. "ಉದ್ದಕ್ಕೆ ಯಾರೂ ಹೆದರುವುದಿಲ್ಲ ಶೆಟ್ರೇ. ಮದ್ದು ಬಿಡುವವ ಡ್ರಮ್ಮಿನ ಹತ್ತಿರ ನಿಂತು, ಒದ್ದೆ ಕೈಯಲ್ಲಿ ಫೋನ್ ಹಿಡಿದು ಓದುತ್ತಾನೆ. ಅವನು 'ಮಾನ್ಯ ಕೃಷಿಕ ಬಂಧುಗಳೇ' ದಾಟಿ 'ಅಮೂಲ್ಯ ಫಸಲಿಗೆ' ಬರುವಾಗ ಫೋನ್ ಡ್ರಮ್ಮಿಗೆ ಬಿದ್ದಾಯಿತು. ಮೊದಲು ಬೇಕಾದದ್ದನ್ನು ಮೊದಲು ಬರೆಯಿರಿ. ಒಂದು ಸಾಲಿಗೆ ಒಂದೇ ಕೆಲಸ. ಎರಡನೇ ಸಲ ಮದ್ದು ಬಿಡುವುದು 40-45 ದಿನ ಕಳೆದು ಅಂತ ಕೊನೆಗೆ ಹಾಕಿ. ಅದು ನೋಡಿ ಇನ್ನೊಮ್ಮೆ ನಿಮ್ಮ ಅಂಗಡಿಗೇ ಬರುತ್ತಾರೆ."

ಕೊನೆಯ ಮಾತು ಶೆಟ್ರಿಗೆ ತಾಗಿತು. ಪೆನ್ನು ಹುಡುಕಿದರು.

ಅಷ್ಟರಲ್ಲಿ ಭಟ್ರು ಚೀಲದಿಂದ ಒಂದು ಸರಕಾರಿ ಕಾಗದ ತೆಗೆದರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಇಲ್ಲಿನ ಕನ್ನಡದವರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಉಂಟು. ಭಟ್ರು ಹಟ ಹಿಡಿದು ಕನ್ನಡದಲ್ಲೇ ಅರ್ಜಿ ಕೊಟ್ಟಿದ್ದರು. ಉತ್ತರ ಕನ್ನಡದಲ್ಲೇ ಬಂದಿತ್ತು.

"ಗೆದ್ದಿರಿ ಹಾಗಾದರೆ!"

"ಕೇಳಿ ಮೊದಲು. 'ಉಲ್ಲೇಖಿತ ಅರ್ಜಿಯ ಮೇರೆಗೆ ಸದರಿ ವಿಷಯವು ಸೂಕ್ತ ಕ್ರಮಾರ್ಥ ಪರಿಶೀಲನೆಯಲ್ಲಿರುತ್ತದೆ.' ಯಾರು ನೋಡುತ್ತಿದ್ದಾರೆ? ಯಾವಾಗ ಮುಗಿಯುತ್ತದೆ? ನಾನು ಇನ್ನೇನು ಕಾಗದ ಕೊಡಬೇಕು? ಒಂದೂ ಇಲ್ಲ. ನನ್ನ ಮನೆಯವಳು ಇದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದಳು, ಮಂತ್ರ ಇರಬೇಕು ಅಂತ."

ನಾವು ನಕ್ಕೆವು. ಆದರೆ ಬರೆದವನಿಗೆ ಬರೆಯಲು ಬರುವುದಿಲ್ಲ ಅಂತ ನನಗೆ ಅನ್ನಿಸಲಿಲ್ಲ. ಚೆನ್ನಾಗಿಯೇ ಬರುತ್ತದೆ. ಆ ಸಾಲಿನಲ್ಲಿ ಯಾವ ಮನುಷ್ಯನೂ ಇಲ್ಲ, ತಾರೀಕೂ ಇಲ್ಲ. ನಾಳೆ ಯಾರೂ ಅವನನ್ನು ಹಿಡಿದು ಕೇಳುವ ಹಾಗಿಲ್ಲ. ಎದುರಿನ ಅಡಿಕೆ ಅಂಗಡಿಯ 'ಉತ್ತಮ ಧಾರಣೆ ನೀಡಲಾಗುವುದು' ಕೂಡ ಅದೇ ಜಾತಿ. ಹೊಸತಿಗೆ ಎಷ್ಟು, ಹಳತಿಗೆ ಎಷ್ಟು, ಪಟೋರ ಎನ್ನುವ ಕಡಿಮೆ ದರ್ಜೆಯ ಅಡಿಕೆಗೆ ಎಷ್ಟು ಅಂತ ಚಾಕ್‌ಪೀಸಿನಲ್ಲಿ ಬರೆಯಲು ಎರಡು ನಿಮಿಷ ಸಾಕು. ಆದರೆ ಬರೆದರೆ ಅಷ್ಟು ಕೊಡಬೇಕಾಗುತ್ತದಲ್ಲ.

ಇದನ್ನು ಹೇಳಿದ್ದೇ ತಡ, ಟೈಲರಣ್ಣನ ಮುಖ ಅರಳಿತು.

"ಈಗ ಸರಿ ಹೇಳಿದಿರಿ! ನಾನು ಚೀಟಿಯಲ್ಲಿ 'ಮುಂದಿನ ವಾರ' ಅಂತ ಬರೆಯುವುದು ಅದಕ್ಕೇ. ತಾರೀಕು ಬರೆದರೆ ಜನ ಆ ತಾರೀಕಿಗೆ ಬಂದೇ ಬಿಡುತ್ತಾರೆ."

"ಬರದೆ ಮತ್ತೆ?"

"ಬಂದರೆ ಬಟ್ಟೆ ಆಗಿರಬೇಕಲ್ವಾ ಮಾಸ್ಟ್ರೇ! 'ಮುಂದಿನ ವಾರ' ಅಂದರೆ ಸೋಮವಾರ ಬಂದವರಿಗೆ 'ವಾರ ಈಗ ಶುರುವಾಯಿತಷ್ಟೆ' ಅನ್ನಬಹುದು. ಶನಿವಾರ ಬಂದವರಿಗೆ 'ಇಷ್ಟು ತಡ ಮಾಡಿದರೆ ಹೇಗೆ, ಗೋಣಿಯ ಅಡಿಗೆ ಹೋಗಿದೆ' ಅನ್ನಬಹುದು."

ಅವನ ದುರದೃಷ್ಟ. ಮೈಲುತುತ್ತಿಗೆ ಬಂದಿದ್ದ ಅಕ್ಕ ಒಬ್ಬರು ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸೀದಾ ಪರ್ಸಿನಿಂದ ಚೀಟಿ ತೆಗೆದರು.

"ತಮ್ಮಾ, ನನ್ನ ಮೂರು ರವಕೆಯ ಚೀಟಿ ಇದು. ಅಣ್ಣನ ಮಗಳ ಮದುವೆಗೆ ಅಂತ ಕೊಟ್ಟದ್ದು. 'ಆದಷ್ಟು ಬೇಗ' ಅಂತ ಬರೆದಿದ್ದೀ. ಈಗ ತಾರೀಕು ಬರೆ."

ಟೈಲರಣ್ಣ ಸುತ್ತ ನೋಡಿದ. ಮಾಸ್ಟ್ರು ಕೆಂಪು ಪೆನ್ನು ಕೊಟ್ಟರು. ಅವನು ತುಂಬ ಯೋಚಿಸಿ 'ಶನಿವಾರ ಸಂಜೆ' ಅಂತ ಬರೆದ.

"ಯಾವ ಶನಿವಾರ?"

"ಅಕ್ಕಾ, ಮದುವೆ ಯಾವತ್ತು?"

"ಕಳೆದ ಭಾನುವಾರ."